ನನ್ನ ಕಟ್ಟಿದ ಕಿವಿಯೂ ಊರವರೆಲ್ಲರ ಕಿವಿಗಳೂ

ಕಾಯಿಲೆಗಳಲ್ಲೂ ಮರ್ಯಾದೆ ಇರುವವು, ಮರ್ಯಾದೆ ಇಲ್ಲದವು ಎಂದು ಎರಡು ಬಗೆ ಇವೆ ಎಂಬುದು ನನಗೆ ಐವತ್ತು ದಾಟಿದ ಮೇಲೆ ತಿಳಿಯಿತು. ಎದೆ ಹಿಡಿದುಕೊಂಡು ಕುಳಿತರೆ ಓಣಿಯೇ ಓಡಿ ಬರುತ್ತದೆ. ಕಾಲು ಮುರಿದುಕೊಂಡರೆ ಸೇಬು, ಮೋಸಂಬಿ ಹಿಡಿದುಕೊಂಡು ಬರುತ್ತಾರೆ. ಹೊಟ್ಟೆಯಲ್ಲಿ ಹರಳಾಗಿದೆ ಎಂದರೆ ಎಷ್ಟು ದೊಡ್ಡದು ಎಂದು ಬೆರಳ ತುದಿಯಲ್ಲಿ ಅಳತೆ ತೋರಿಸಿ ಕೇಳುತ್ತಾರೆ. ಅದೇ, ಕಿವಿ ಕಟ್ಟಿದೆ ಎಂದು ಹೇಳಿ ನೋಡಿ. ಕುಳಿತವರು ಕುಳಿತಲ್ಲಿಂದ ಏಳುವುದಿಲ್ಲ. ಬಾಯಲ್ಲಿದ್ದ ಎಲೆ ಅಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ಸರಿಸಿ, "ಹೌದ? ನನಗೂ ಆಗಿತ್ತರಿ. ಭಾಳ ಕಾಮನ್" ಎಂದು ಹೇಳಿ, ಮಾತನ್ನು ಮಳೆಗೋ ಮೆಣಸಿನಕಾಯಿಗೋ ತಿರುಗಿಸಿಬಿಡುತ್ತಾರೆ. ಈ 'ಕಾಮನ್' ಎಂಬ ಮಾತನ್ನು ಮೊದಲು ಆಡಿದವನು ಯಾರೇ ಇರಲಿ, ಒಮ್ಮೆ ನನ್ನ ಕೈಗೆ ಸಿಗಬೇಕು. ಅವನನ್ನು ಮೈದಾನದ ಸುತ್ತ ಓಡಿಸುತ್ತೇನೆ. ನಿಲ್ಲು ಎಂದು ಮಾತ್ರ ಹೇಳುವುದಿಲ್ಲ.

ಓಡಿಸುವುದು ನನ್ನ ವೃತ್ತಿ. ನಾನು ಲಕ್ಷ್ಮೇಶ್ವರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ಮನೆ ಬೆಟಗೇರಿಯಲ್ಲಿ; ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ಬಸ್ಸು ಹತ್ತಿ ಬರುತ್ತೇನೆ. ನನಗೆ ದೇವರು ಕೊಟ್ಟ ಆಸ್ತಿ ಎಂದರೆ ಕಂಠ. ಮೈಕು ನನಗೆ ಯಾವತ್ತೂ ಬೇಕಾಗಿಲ್ಲ. ನಾನು 'ಸಾವಧಾನ್' ಎಂದರೆ ಮೈದಾನದಲ್ಲಿರುವ ಮಕ್ಕಳಷ್ಟೇ ಅಲ್ಲ, ಕಂಪೌಂಡಿನ ಆಚೆ ಚಹಾ ಕುಡಿಯುತ್ತ ನಿಂತವರೂ ಬೆನ್ನು ನೆಟ್ಟಗೆ ಮಾಡುತ್ತಾರೆ. ಹಾಗೆ ನೋಡಿದರೆ ನಮ್ಮ ಕಡೆ ಮೆತ್ತಗೆ ಮಾತನಾಡುವವನನ್ನು ಯಾರೂ ನಂಬುವುದಿಲ್ಲ. ಅವನಿಗೆ ಮೈಯಲ್ಲಿ ಹುಷಾರಿಲ್ಲ, ಇಲ್ಲವೇ ಮನಸ್ಸಿನಲ್ಲಿ ಏನೋ ಇದೆ ಎಂದೇ ತಿಳಿಯುತ್ತಾರೆ. ನಾವು ಕುಶಲ ಕೇಳಿದರೂ ಹೊರಗಿನಿಂದ ಬಂದವರಿಗೆ ಜಗಳದ ಹಾಗೆ ಕೇಳಿಸುತ್ತದಂತೆ. ಕೇಳಿಸಲಿ, ಬೇಡ ಎಂದವರಾರು? ಆದರೆ ಅಂಥ ಮಂದಿಯ ನಡುವೆಯೂ ನನ್ನದು ಒಂದು ಕೈ ಮೇಲೆಯೇ ಎಂದು ನಾನು ಒಪ್ಪುತ್ತೇನೆ. ಅದರ ಜೊತೆಗೆ ಸಿಟ್ಟು. ಅದು ನನಗೆ ಮುಂಜಾನೆ ಚಹಾದ ಜೊತೆಗೇ ಬರುತ್ತದೆ, ಚಹಾ ಆರಿದರೂ ಆರುವುದಿಲ್ಲ.

ಈ ಕಂಠದ ದೆಸೆಯಿಂದಲೇ ಮಗಳಿಗೆ ಬಂದಿದ್ದ ಒಂದು ಒಳ್ಳೆಯ ಸಂಬಂಧ ತಪ್ಪಿತು ಎಂಬುದು ನನ್ನ ಹೆಂಡತಿ ಶಾಂತಾಳ ಆರೋಪ. ಮಗಳು ಸವಿತಾ ಫಾರ್ಮಸಿ ಓದಿ ಗದಗದ ಒಂದು ಔಷಧ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಹೋದ ವರ್ಷ ಶಿರಹಟ್ಟಿಯವರೊಬ್ಬರು ಅವಳನ್ನು ನೋಡಲು ಬಂದಿದ್ದರು. ಪಡಸಾಲೆಯಲ್ಲಿ ಅವರ ಎದುರು ಕುಳಿತು ನಾನು ಒಳಗಿದ್ದ ಹೆಂಡತಿಗೆ, "ಏ ಶಾಂತಾ, ಚಾ ತಗೊಂಬಾ" ಎಂದೆ. ಅಷ್ಟೇ. ನನ್ನ ಲೆಕ್ಕದಲ್ಲಿ ಪ್ರೀತಿಯಿಂದಲೇ ಕರೆದಿದ್ದೆ. ಹುಡುಗನ ತಾಯಿಯ ಕೈಯಲ್ಲಿದ್ದ ಅವಲಕ್ಕಿಯ ತಟ್ಟೆ ಅಲುಗಾಡಿತು. ನಾಲ್ಕು ದಿನ ಬಿಟ್ಟು ಮಧ್ಯಸ್ಥರ ಮೂಲಕ ಉತ್ತರ ಬಂತು: "ಹುಡಿಗಿ ಛಲೋ ಅದಾಳ, ಮನಿತನಾನೂ ಛಲೋ ಐತಿ. ಆದ್ರ ಮಾವನ ದನಿ ಕೇಳಿ ನಮ್ಮ ಹುಡುಗ ಅಂಜ್ಯಾನ." ಅಂಜುವವನಿಗೆ ನನ್ನ ಮಗಳನ್ನು ಕೊಡುವುದಿಲ್ಲ ಎಂದು ನಾನು ಒದರಿದೆ. ಸವಿತಾ ಒಂದು ಮಾತು ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಅವಳು ತನ್ನ ತಟ್ಟೆ ತೊಳೆದಿಟ್ಟು ಕೆಲಸಕ್ಕೆ ಹೋದಳು. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಇನ್ನು ಕಿವಿಯ ಮಾತು. ಈ ಸಲ ಶ್ರಾವಣದಲ್ಲಿ ಜಿಟಿಜಿಟಿ ಮಳೆಯಲ್ಲಿ ಮಕ್ಕಳಿಗೆ ಕಬಡ್ಡಿ ಆಡಿಸಿ ನೆಗಡಿ ಹಿಡಿಸಿಕೊಂಡೆ. ನೆಗಡಿ ಹೋಯಿತು, ಹೋಗುವಾಗ ಎರಡೂ ಕಿವಿಗೆ ಬಿರಡೆ ಹಾಕಿ ಹೋಯಿತು. ಒಂದು ಬೆಳಿಗ್ಗೆ ಎದ್ದರೆ ಜಗತ್ತೆಲ್ಲ ಕೌದಿ ಹೊದ್ದುಕೊಂಡು ಮಾತನಾಡುತ್ತಿದೆ. ಎದುರು ನಿಂತ ಶಾಂತಾಳ ಬಾಯಿ ಅಲ್ಲಾಡುತ್ತದೆ, ಮಾತು ಮಾತ್ರ ಹಿತ್ತಲಿನಿಂದ ಬಂದ ಹಾಗೆ ಬರುತ್ತದೆ. ಅದು ಹಾಳಾಗಿ ಹೋಗಲಿ, ಅಭ್ಯಾಸವಿದೆ. ಆದರೆ ನನ್ನದೇ ದನಿ? ಅದು ಹೊರಗೆ ಹೋಗದೆ ತಲೆಯೊಳಗೇ ಖಾಲಿ ಟ್ಯಾಂಕಿಯಲ್ಲಿ ಕೂಗಿದ ಹಾಗೆ ಗುಂಯ್‌ಗುಡುತ್ತಿತ್ತು. 'ನೀರು' ಎಂದರೆ ನೆತ್ತಿ ಅದುರುತ್ತಿತ್ತು. ಕಟಕ ರೊಟ್ಟಿ ಕಡಿದರೆ ತಲೆಯೊಳಗೆ ಯಾರೋ ಜಲ್ಲಿಕಲ್ಲಿನ ಖಡಿಯ ಮೇಲೆ ಬೂಟು ಹಾಕಿಕೊಂಡು ನಡೆಯುತ್ತಿದ್ದರು. ಉಗುಳು ನುಂಗಿದರೆ ಚಟಕ್ ಎನ್ನುತ್ತಿತ್ತು. ಇನ್ನೇನು ಬಿಟ್ಟಿತು ಎನ್ನುವಷ್ಟರಲ್ಲಿ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಕದ ತೆಗೆದು, ಬಂದವರು ಯಾರು ಎಂದು ನೋಡಿ, ಬೇಡ ಎಂದು ಮತ್ತೆ ಹಾಕಿಕೊಂಡ ಹಾಗೆ. ನನ್ನ ಕಿವಿಯ ಮನೆಯಲ್ಲಿ ನಾನೇ ಬೇಡವಾದ ನೆಂಟ.

ಗದಗದಲ್ಲಿ ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಹೋದೆ. ಹೋಗುವಾಗಲೇ ನನಗೇನೋ ಅಪರೂಪದ್ದೇ ಆಗಿದೆ ಎಂಬ ನಂಬಿಕೆ ಇತ್ತು. ಇಂಥ ಕಂಠ ಇರುವವನಿಗೆ ಬರುವ ರೋಗವೂ ಅದರ ಯೋಗ್ಯತೆಗೆ ತಕ್ಕಂತೆ ಇರಬೇಕಲ್ಲವೇ? ಡಾಕ್ಟರು ವಯಸ್ಸಿನಲ್ಲಿ ನನ್ನ ಶಿಷ್ಯರ ಶಿಷ್ಯರಷ್ಟಿದ್ದರು. ಬ್ಯಾಟರಿ ಹಿಡಿದು ಎರಡೂ ಕಿವಿ ನೋಡಿದರು, ಮೂಗು ನೋಡಿದರು, ಕುರ್ಚಿಯನ್ನು ಹಿಂದಕ್ಕೆ ಸರಿಸಿದರು.

"ಕಿವಿಯಾಗ ಗುಗ್ಗಿ ಇಲ್ಲ, ಕೀವು ಇಲ್ಲ. ಮೂಗಿನ ಹಿಂದಿಂದ ಕಿವಿ ಒಳಗ ಒಂದು ಸಣ್ಣ ಕೊಳವಿ ಇರತೈತ್ರಿ ಸರ. ಯುಸ್ಟೇಶಿಯನ್ ಟ್ಯೂಬ್ ಅಂತೀವಿ. ನುಂಗಿದಾಗ, ಆಕಳಿಸಿದಾಗ ಅದು ಬಾಯಿ ತಕ್ಕೊಂಡು ಗಾಳಿ ಒಳಗ ಬಿಡತೈತಿ. ನೆಗಡಿಗೆ ಬಾತು ಕುಂತೇತಿ, ತಕ್ಕೊಳ್ಳವಲ್ದು. ಅಷ್ಟ."

"ಅಷ್ಟ ಅಂದ್ರ?" ಎಂದೆ. ತಲೆ ಗುಂಯ್ ಎಂದಿತು.

"ಭಾಳ ಕಾಮನ್ ರೀ ಇದು."

"ಭಾಳ ಅಂದ್ರ ಎಷ್ಟು ಮಂದಿಗೆ?"

ಅವರು ನಕ್ಕರು. "ಅದನ್ನ ಸರಿಯಾಗಿ ಯಾರು ಹೇಳ್ತಾರ್ರಿ? ನನ್ನ ಕಡೆ ಬಂದವರಷ್ಟ ನನಗ ಗೊತ್ತು. ಬರಲಾರದವರು ಮನಿಯಾಗ ಕುಂತು ಆಕಳಿಸಿ ಆಕಳಿಸಿ ತಾವ ಆರಾಮ ಆಗತಾರ. ಹೊರಗ ಬೆಂಚಿನ ಮ್ಯಾಲಿದ್ದವರನ್ನ ಕೇಳ್ರಿ ಬೇಕಾದ್ರ. ಹೌದು ಅನ್ನವರ ಭಾಳ ಸಿಗತಾರ."

ಮೂಗಿಗೆ ಹೊಡೆದುಕೊಳ್ಳುವ ಒಂದು ಔಷಧ ಬರೆದುಕೊಟ್ಟರು. ಆಗಾಗ ನುಂಗುತ್ತಿರಬೇಕು, ಆಕಳಿಸಬೇಕು, ಏನಾದರೂ ಅಗಿಯುತ್ತಿರಬೇಕು, ಕಿವಿಗೆ ಎಣ್ಣೆ ಗಿಣ್ಣೆ ಹಾಕಬಾರದು, ಕೆಲವು ವಾರದಲ್ಲಿ ಬಿಡದಿದ್ದರೆ ಮತ್ತೆ ಬರಬೇಕು. ಇದು ಚಿಕಿತ್ಸೆಯೇ? ನುಂಗು, ಅಗಿ, ಆಕಳಿಸು! ನಮ್ಮ ಶಾಲೆಯಲ್ಲಿ ಊಟವಾದ ಮೇಲಿನ ಪಿರಿಯಡ್ಡಿನಲ್ಲಿ ಎಲ್ಲರೂ ಅದನ್ನೇ ಮಾಡುತ್ತಾರೆ, ಅವರನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತೇನೆ. ಒಂದು ಸೂಜಿ ಇಲ್ಲ, ಒಂದು ಎಕ್ಸ್‌ರೇ ಇಲ್ಲ, ಓಣಿಯಲ್ಲಿ ಹೇಳಿಕೊಳ್ಳಲು ಒಂದು ಹೆಸರಿದೆ, ಅದಕ್ಕೆ ನಾಲಿಗೆ ಹೊರಳುವುದಿಲ್ಲ. ಕೆಂಡವಾಗಿ ಹೊರಗೆ ಬಂದೆ.

ಬಂದವನು ಸುಮ್ಮನೆ ಮನೆಗೆ ಹೋಗಬೇಕಿತ್ತು. ಆದರೆ ನನ್ನ ಹಟ ನೋಡಿ, ಯಾರಿಗೂ ಸರಿಯಾಗಿ ಗೊತ್ತಿಲ್ಲವೆಂದರೆ ನಾನೇ ನೋಡುತ್ತೇನೆ ಎಂದುಕೊಂಡೆ. ಮರುದಿನ ಲಕ್ಷ್ಮೇಶ್ವರದ ಬಸ್ಸಿನಲ್ಲಿ ಕಿವಿ ಗಣತಿ ಶುರು ಮಾಡಿದೆ. ಕುರ್ತಕೋಟಿಯಿಂದ ಮಗಳ ಊರಿಗೆ ಹೊರಟಿದ್ದ ಪಕ್ಕದ ಅಜ್ಜಿಗೆ ಆಗಿತ್ತು. ಹಿಂದಿನ ಸೀಟಿನ ಇಬ್ಬರಿಗೆ ಆಗಿತ್ತು, ಅವರಲ್ಲಿ ಒಬ್ಬನಿಗೆ ಈಗಲೂ ಇತ್ತು. ಕಂಡಕ್ಟರನಿಗೆ ಪ್ರತಿ ಚಳಿಗಾಲದಲ್ಲಿ ಆಗುತ್ತದಂತೆ. ಡ್ರೈವರನ ಜೊತೆ ಮಾತನಾಡಬೇಡಿ ಎಂದು ಬೋರ್ಡು ಇದ್ದದ್ದರಿಂದ ಕೇಳಲಿಲ್ಲ, ಅವನೇ ಕನ್ನಡಿಯಲ್ಲಿ ನೋಡಿ ತನ್ನ ಕಿವಿ ಮುಟ್ಟಿ ತೋರಿಸಿದ. ಆ ಬಸ್ಸಿನಲ್ಲಿ ಕಿವಿ ಕಟ್ಟದೇ ಇದ್ದದ್ದು ಒಂದು ಕೂಸಿಗೆ ಮಾತ್ರ, ಅದೂ ಮಾತು ಬಾರದ್ದರಿಂದ ಹೇಳಲಿಲ್ಲವೋ ಏನೋ. ಇಷ್ಟು ದಿನ ಇಷ್ಟೊಂದು ಮಂದಿ ಕಿವಿ ಕಟ್ಟಿಕೊಂಡು ನನ್ನ ಪಕ್ಕದಲ್ಲೇ ಓಡಾಡಿದ್ದಾರೆ, ಒಬ್ಬನೂ ನನಗೆ ಒಂದು ಮಾತು ಹೇಳಿರಲಿಲ್ಲ! ಹೇಳುವುದು ಬಿಟ್ಟು ಈಗ ಔಷಧ ಹೇಳಲು ಮುಂದೆ ಬಂದರು. ಒಬ್ಬರು ಬೆಳ್ಳುಳ್ಳಿ ಎಣ್ಣೆ ಎಂದರು, ಇನ್ನೊಬ್ಬರು ಅಜಿವಾನದ ಹೊಗೆ ಎಂದರು, ಅಜ್ಜಿಯಂತೂ ಮೂಗು ಹಿಡಿದು ಊದಿರಿ ಎಂದು ಹೇಳಿ, ನಾನು ಊದುವ ತನಕ ನನ್ನ ಮೂಗನ್ನು ತಾನೇ ಹಿಡಿದುಕೊಂಡಳು. ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿದವನ ಮೂಗು ತುಂಬಿದ ಬಸ್ಸಿನಲ್ಲಿ ಒಬ್ಬ ಅಜ್ಜಿಯ ಕೈಯಲ್ಲಿ!

ಶಾಲೆಯಲ್ಲಿ ನನ್ನ ಗೆಳೆಯ ಇಮಾಮಸಾಬ ಅವರಿದ್ದಾರೆ, ಚಿತ್ರಕಲಾ ಶಿಕ್ಷಕರು. ಅವರೊಬ್ಬರಿಗಾದರೂ ಇದು ಆಗಿರಲಿಕ್ಕಿಲ್ಲ ಎಂಬ ಆಸೆಯಿಂದ ಹೇಳಿಕೊಂಡೆ. ಅವರು ಬ್ರಷ್ಷು ಕೆಳಗಿಟ್ಟು, ಪೂರಾ ಕೇಳಿ, "ಇಲ್ರಿ ಸರ, ನನಗ ಖರೆನ ಯಾವತ್ತೂ ಆಗಿಲ್ಲ" ಎಂದರು. ಅವತ್ತು ಅವರಿಗೆ ನಾನೇ ಚಹಾ ಕುಡಿಸಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನನ್ನ ದನಿ ನನಗೇ ತಲೆ ಒಡೆಯುವ ಹಾಗೆ ಕೇಳಿಸುತ್ತಿದ್ದುದರಿಂದ, ನನಗೆ ಗೊತ್ತಿಲ್ಲದೆ ನಾನು ಮೆತ್ತಗೆ ಮಾತನಾಡತೊಡಗಿದ್ದೆ. ನಾನು ಒದರುತ್ತಿದ್ದೇನೆ ಎಂದೇ ನನ್ನ ತಿಳಿವಳಿಕೆ. ಹೊರಗೆ ಬೀಳುತ್ತಿದ್ದುದು ಪಿಸುಮಾತು. ಪ್ರಾರ್ಥನೆಯ ಹೊತ್ತಿಗೆ ನನ್ನ ಪೂರ್ತಿ ಶಕ್ತಿ ಹಾಕಿ 'ಸಾವಧಾನ್' ಎಂದೆ ಎಂದುಕೊಂಡೆ. ಮಕ್ಕಳಿಗೆ ಕೇಳಿಸಲಿಲ್ಲ. ಏನು ಹೇಳಿದರೋ ಎಂದು ಎಲ್ಲರೂ ಗಪ್ಪಾಗಿ, ಕತ್ತು ಮುಂದೆ ಚಾಚಿ ನಿಂತರು. ನಮ್ಮ ಶಾಲೆಯ ಮೈದಾನದಲ್ಲಿ ಗುಬ್ಬಿಯ ದನಿ ಕೇಳಿದ್ದು ಅದೇ ಮೊದಲು ಎಂದು ಹೆಡ್‌ಮೇಡಂ ಎಲ್ಲರೆದುರು ಹೊಗಳಿದರು. "ಪಿ.ಟಿ. ಸರ್ ಎಷ್ಟು ಬದಲಾಗ್ಯಾರ ನೋಡ್ರಿ!" ನನಗೆ ಮೈಯೆಲ್ಲ ಉರಿಯಿತು. ಮೂವತ್ತು ವರ್ಷ ಗಂಟಲು ಹರಿದುಕೊಂಡದ್ದಕ್ಕೆ ಇಲ್ಲದ ಹೊಗಳಿಕೆ ಕಟ್ಟಿದ ಕೊಳವೆಗೆ!

ಸಿಟ್ಟಿನ ಕಥೆಯಂತೂ ಹೇಳಲೇಬಾರದು. ಸಂಜೆ ಬಸ್ಸನ್ನು ಸ್ಟಾಪಿನಿಂದ ಮುಂದೆ ತಂದು ನಿಲ್ಲಿಸಿದ ಕಂಡಕ್ಟರನಿಗೆ ಬಾಯಿಗೆ ಬಂದಂತೆ ಬೈದೆ. ಅವನು ತಲೆ ತಗ್ಗಿಸಿ, "ತಪ್ಪಾತ್ರಿ ಸರ. ನಿಮ್ಮಂಗ ಸಮಾಧಾನದಾಗ ತಿಳಿಸಿ ಹೇಳವರು ಯಾರೂ ಇಲ್ರಿ" ಎಂದ. ಮನೆಯಲ್ಲಿ ಬದನೆಕಾಯಿ ಪಲ್ಯಕ್ಕೆ ಉಪ್ಪು ಹೆಚ್ಚಾಯಿತು ಎಂದು ತಾಟು ನೂಕಿ ಒದರಿದರೆ ಶಾಂತಾ ಪಕ್ಕಕ್ಕೆ ಬಂದು ಕುಳಿತು, "ಮದುವಿ ಆದಾಗಿಂದ ಹಿಂಗ ಎಂದಾದ್ರೂ ಮಾತಾಡೀರೇನ್ರಿ?" ಎಂದು ಕಣ್ಣು ಒರೆಸಿಕೊಂಡಳು. ನಾನು ಬೈಯುತ್ತಿದ್ದೇನೆ ಮಾರಾಯ್ತಿ ಎಂದು ಹೇಳಿದೆ. ಅದನ್ನೂ ಮೆತ್ತಗೆ ಹೇಳಿದೆನಂತೆ. ಸಿಟ್ಟು ಬರುವುದು ಬೇರೆ, ಬಂದ ಸಿಟ್ಟು ಯಾರಿಗೂ ತಲುಪದೆ ಒಳಗೇ ಕೊಳೆಯುವುದು ಬೇರೆ. ಒಂದೆರಡು ವಾರ ನಾನು ಅನುಭವಿಸಿದ್ದನ್ನು ನನ್ನ ವೈರಿಗೂ ಬಯಸುವುದಿಲ್ಲ. ಆ ಶಿರಹಟ್ಟಿಯವರಿಗೆ ಮಾತ್ರ ಬೇಕಾದರೆ ಬಯಸುತ್ತೇನೆ.

ಸರಿಯಾಗಿ ಇದೇ ದಿನಗಳಲ್ಲಿ ಮುಂಡರಗಿ ತಾಲೂಕಿನ ಕೊರ್ಲಹಳ್ಳಿಯಿಂದ ಸವಿತಾಳನ್ನು ನೋಡಲು ಬಂದರು. ಹುಡುಗ ಮುಂಡರಗಿಯ ಕಾಲೇಜಿನಲ್ಲಿ ಗಣಿತ ಕಲಿಸುತ್ತಾನೆ. ಅವನ ತಂದೆ ವೀರಪ್ಪನವರು ಹೊಳೆಯ ದಂಡೆಯಲ್ಲಿ ಹೊಲ ಮಾಡಿಕೊಂಡಿರುವ ದೊಡ್ಡ ಮೀಸೆಯ ಮನುಷ್ಯ, ಆದರೆ ಮಾತು ಬೆಣ್ಣೆ. ಬಾಯಿ ತೆರೆದರೆ ಎದುರಿನವರು ಬಗ್ಗಿ ಕೇಳಬೇಕು. ನಾನೂ ಬಗ್ಗಿದೆ, ಅವರೂ ಬಗ್ಗಿದರು. ಪಡಸಾಲೆಯಲ್ಲಿ ಅವರ ರುಮಾಲು ಮತ್ತು ನನ್ನ ಬೋಳುತಲೆ ಡಿಕ್ಕಿ ಹೊಡೆಯುವುದೊಂದು ಬಾಕಿ. ಹೋಗುವಾಗ ಹುಡುಗನ ತಾಯಿ ನೀಲವ್ವನವರು ಶಾಂತಾಳ ಕೈ ಹಿಡಿದು, "ನಿಮ್ಮ ಯಜಮಾನ್ರು ಭಾಳ ಸಂಭಾವಿತರದಾರ ನೋಡ್ರಿ. ನಮ್ಮನಿಯವರೂ ಹಂಗ. ದನಿ ಏರಿಸಿ ಮಾತಾಡಂಗಿಲ್ಲ" ಎಂದರಂತೆ. ಬರುವ ಭಾನುವಾರ ನೀವು ಮನೆ ನೋಡಲು ಬನ್ನಿ ಎಂದು ಕರೆದರು. ನಮ್ಮ ಕಡೆ ಹುಡುಗಿಯನ್ನು ಅವರು ನೋಡಿದರೆ ಸಾಲದು, ಹುಡುಗನ ಮನೆಯನ್ನು ಹೆತ್ತವರು ಹೋಗಿ ನೋಡಿ, ಅಲ್ಲಿ ಉಂಡು, ಆಮೇಲೆ ಹೂಂ ಅನ್ನಬೇಕು. ಉಣ್ಣುವ ತನಕ ಯಾವುದೂ ಖಚಿತವಲ್ಲ.

ಅವರ ಗಾಡಿ ಓಣಿ ದಾಟಿದ ಮೇಲೆ ಸವಿತಾ ನನ್ನ ಹತ್ತಿರ ಬಂದು, ಕಿವಿಯ ಬಳಿ ಬಾಯಿ ಇಟ್ಟು ಹೇಳಿದಳು: "ಅಪ್ಪಾ, ಈ ಹುಡುಗ ನನಗ ಮನಸಿಗೆ ಬಂದಾನ." ಅವಳು ಹುಟ್ಟಿದಾಗಿನಿಂದ ನನ್ನನ್ನು ಏನೂ ಬೇಡಿದವಳಲ್ಲ. ಆ ಮಾತಿನಲ್ಲಿ ಶಿರಹಟ್ಟಿಯೂ ಇತ್ತು, ತೊಳೆದಿಟ್ಟ ತಟ್ಟೆಯೂ ಇತ್ತು. "ಆತು" ಎಂದೆ.

ಗುರುವಾರ ಬೆಳಿಗ್ಗೆ ಬಲಗಿವಿಯಲ್ಲಿ ಚಟಪಟ ಸದ್ದು ಶುರುವಾಯಿತು. ಬಿಡುವ ಲಕ್ಷಣ! ಕುಣಿದಾಡಿ ಹೆಂಡತಿಗೆ ಹೇಳಿದೆ. ಅವಳ ಮುಖ ಸಣ್ಣದಾಯಿತು. ಸಂಜೆ ಬಂದು ನೋಡಿದರೆ ಮೂಗಿನ ಔಷಧ ಇಟ್ಟ ಜಾಗದಲ್ಲಿ ಇಲ್ಲ. ಇನ್ನೊಂದು ತಾ ಎಂದು ಮಗಳಿಗೆ ಹೇಳಿದರೆ, "ನಮ್ಮ ಅಂಗಡ್ಯಾಗ ಖಾಲಿ ಆಗೇತಪಾ. ಸೋಮವಾರ ಬರತೈತಿ" ಎಂದಳು, ನನ್ನ ಮುಖ ನೋಡದೆ. ಗದಗದ ಅಷ್ಟೂ ಔಷಧ ಅಂಗಡಿಗಳಲ್ಲಿ ನೆಗಡಿಯ ಔಷಧ ಸೋಮವಾರವೇ ಬರುತ್ತದೆಯೇ? ನಾನು ಆಕಳಿಸಲು ಬಾಯಿ ತೆರೆದರೆ ಶಾಂತಾ ಓಡಿ ಬಂದು ಏನಾದರೂ ಕೆಲಸ ಹೇಳುತ್ತಿದ್ದಳು. ಚೂಯಿಂಗ್ ಗಮ್ಮು ಮಾಯವಾಯಿತು. ಕಟಕ ರೊಟ್ಟಿ ನಿಂತು ಮೆತ್ತನೆ ಅನ್ನ ಬಂತು. ಲೋಕದಲ್ಲಿ ಹೆಂಡತಿ ಮಕ್ಕಳು ಯಜಮಾನನ ಆರೋಗ್ಯಕ್ಕಾಗಿ ದೇವರಿಗೆ ಹರಕೆ ಹೊರುತ್ತಾರೆ. ನನ್ನ ಮನೆಯಲ್ಲಿ ನನ್ನ ರೋಗಕ್ಕಾಗಿ ದೀಪ ಹಚ್ಚಿದರು. "ಐತವಾರ ತನಕ ತಡೀರಿ, ಆಮ್ಯಾಲ ಎಷ್ಟ ಬೇಕಾದಷ್ಟ ಒದರ್ರಿ" ಎಂದು ಶಾಂತಾ ಬಾಯಿ ಬಿಟ್ಟೇ ಹೇಳಿದಳು. ಎಷ್ಟು ಸಿಟ್ಟು ಬಂತೆಂದರೆ, ಪೂರ್ತಿ ಒಂದು ಗಂಟೆ ಕೂಗಾಡಿದೆ. ಪಕ್ಕದ ಮನೆಯವರು ನಾನು ಏನೋ ಪಾರಾಯಣ ಮಾಡುತ್ತಿದ್ದೇನೆ ಎಂದುಕೊಂಡರಂತೆ. ಕೊನೆಗೆ ಮಗಳ ಮುಖ ನೋಡಿ ಸುಮ್ಮನಾದೆ. ಔಷಧ ಕೇಳಲಿಲ್ಲ.

ಭಾನುವಾರ ಬಾಡಿಗೆ ಗಾಡಿ ಮಾಡಿಕೊಂಡು ನಾನೂ ಶಾಂತಾಳೂ ಮುಂಡರಗಿ ದಾಟಿ ಕೊರ್ಲಹಳ್ಳಿಗೆ ಹೋದೆವು. ದಾರಿಯುದ್ದಕ್ಕೂ ಅವಳದು ಒಂದೇ ಮಂತ್ರ: "ಆಕಳಿಸಬ್ಯಾಡ್ರಿ." ಹೇಳಿದಷ್ಟೂ ಆಕಳಿಕೆ ಬರುತ್ತದೆ, ನೀವೂ ಈಗ ಓದುತ್ತ ಆಕಳಿಸಿರಬಹುದು. ಮನೆ ಚೆನ್ನಾಗಿತ್ತು. ಸಾರಿಸಿದ ಅಂಗಳ, ತೊಲೆಗಳಿಗೆ ಎಣ್ಣೆ ಹಚ್ಚಿದ ಪಡಸಾಲೆ, ಹಿತ್ತಲಿನಿಂದ ಹೊಳೆಯ ಗಾಳಿ. ನಾನೂ ವೀರಪ್ಪನವರೂ ಪರಸ್ಪರ ಬಗ್ಗಿ ಬಗ್ಗಿ ಬೆಳೆ, ಹೊಳೆ, ಹುಡುಗನ ನೌಕರಿ ಎಲ್ಲ ಮಾತನಾಡಿದೆವು. ಇಷ್ಟು ಸೌಮ್ಯ ಮನುಷ್ಯನ ಮನೆಗೆ ಮಗಳನ್ನು ಮೋಸದಿಂದ ಕೊಡುತ್ತಿದ್ದೇನಲ್ಲ ಎಂದು ನನಗೆ ನನ್ನ ಮೇಲೇ ಸಿಟ್ಟು ಬಂತು. ಆಮೇಲೆ ಎಲೆ ಹಾಕಿದರು.

ಬೀಗರ ಊಟಕ್ಕೆ ನಮ್ಮ ಸೀಮೆಯಲ್ಲಿ ಒಂದು ಕಾನೂನಿದೆ. ಹೋಳಿಗೆ ನೀಡುವಾಗ ಮೆಲ್ಲಗೆ ಹೇಳಿದ 'ಸಾಕು' ಸಾಕಲ್ಲ. ಅದು ಸಂಕೋಚ. ಸಂಕೋಚಕ್ಕೆ ಉತ್ತರ ಇನ್ನೊಂದು ಹೋಳಿಗೆ, ಅದರ ಮೇಲೆ ತುಪ್ಪ. ಎರಡೂ ಕೈ ಎಲೆಯ ಮೇಲೆ ಅಡ್ಡ ಹಿಡಿದು, ಮೈಯೆಲ್ಲ ಎಲೆಯ ಮೇಲೆ ಬಗ್ಗಿಸಿ, ನೀಡುವವರ ಜೊತೆ ಹೊಡೆದಾಟಕ್ಕೆ ನಿಂತವರ ಹಾಗೆ ಒದರಿದಾಗಲೇ ಅದು ನಿಜವಾದ ಸಾಕು. ಅಷ್ಟು ಒದರಿಸದೆ ಎಬ್ಬಿಸಿದರೆ ನೀಡಿದವರಿಗೆ ಅವಮಾನ. ವೀರಪ್ಪನವರು ತಾವೇ ಪರಾತ ಹಿಡಿದು ನೀಡಲು ನಿಂತರು. ನಾನು ಸಾಕು ಎಂದೆ. ಹೋಳಿಗೆ ಬಿತ್ತು. ಕೈ ಅಡ್ಡ ಹಿಡಿದು ಸಾಕು ಎಂದು ಚೀರಿದೆ ಎಂದುಕೊಂಡೆ. ತಲೆಯೊಳಗೆ ಗುಡುಗಿತು, ಹೊರಗೆ ಯಾರಿಗೂ ಕೇಳಿಸಲಿಲ್ಲ. ಕೈಯ ಸಂದಿಯಿಂದ ಹೋಳಿಗೆ ಬಿತ್ತು. "ನಾಚಬ್ಯಾಡ್ರಿ ಸರ್ರ" ಎಂದು ಅವರ ತುಟಿ ಅಲ್ಲಾಡಿತು. ಎದುರಿನ ಸಾಲಿನಲ್ಲಿ ಕುಳಿತ ಶಾಂತಾ ಜೋರು ಮಾಡಬೇಡಿ ಎಂದು ಕಣ್ಣಲ್ಲೇ ಬೇಡಿಕೊಂಡಳು. ಎಲೆಯಲ್ಲಿ ಬಿಟ್ಟರೆ ಅನ್ನಕ್ಕೆ ಅವಮಾನ, ಮನೆಗೆ ಅವಮಾನ, ಸಂಬಂಧಕ್ಕೆ ಗಂಡಾಂತರ. ನುಂಗಿದೆ. ನುಂಗಿದ ಹಾಗೆಲ್ಲ ನೀಡಿದರು. ಹೊಟ್ಟೆ ಗಂಟಲಿಗೆ ಬಂತು, ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ನೀಲವ್ವನವರು, ಹೋಳಿಗೆ ಅಷ್ಟು ರುಚಿಯಾಗಿದೆ ಎಂದು ತಿಳಿದು ಇನ್ನೊಂದು ಬುಟ್ಟಿ ತಂದರು. ಮನುಷ್ಯ ಎಷ್ಟು ನುಂಗಬಹುದು? ಈ ಪ್ರಶ್ನೆಯನ್ನು ಆ ಡಾಕ್ಟರನನ್ನು ಕೇಳಬೇಕು. ನುಂಗುತ್ತಿರಿ ಎಂದಿದ್ದನಲ್ಲ, ನುಂಗಿದೆ.

ಅವನ ಮಾತು ಸುಳ್ಳಾಗಲಿಲ್ಲ. ಮತ್ತೊಂದು ಹೋಳಿಗೆ ಎಲೆಯ ಮೇಲೆ ಇಳಿಯುತ್ತಿತ್ತು, ಬಾಯಲ್ಲಿದ್ದ ತುಂಡನ್ನು ಕತ್ತು ಎತ್ತಿ ಗುಟುಕ್ಕನೆ ನುಂಗಿದೆ. ಎರಡೂ ಕಿವಿಯಲ್ಲಿ ಒಟ್ಟಿಗೇ ಪಟ್ ಎಂದಿತು. ನಲ್ಲಿಯ ನೀರು, ಎಮ್ಮೆಯ ಗಂಟೆ, ಒಲೆಯ ಕಟ್ಟಿಗೆ ಎಲ್ಲ ಒಮ್ಮೆಲೇ ನನ್ನ ಮೇಲೆ ಬಿದ್ದವು. ಆ ಕ್ಷಣಕ್ಕೆ ನನ್ನ ಬಾಯಿಂದ ಹೊರಟಿದ್ದ ಮಾತನ್ನು ತಡೆಯುವುದು ನನ್ನ ಕೈಯಲ್ಲಿರಲಿಲ್ಲ.

"ಸಾಕಂದ್ನೆಲ್ಲೋ ಮಾರಾಯಾ! ಮನಶ್ಯಾನ್ನ ಉಣಿಸ್ತೀಯೋ ಕೊಲ್ತೀಯೋ!"

ತೊಲೆಯ ಮೇಲಿನ ಗುಬ್ಬಿಗಳು ಹಾರಿದವು. ನೀಲವ್ವನವರ ಕೈಯ ಬುಟ್ಟಿ ಕೆಳಗೆ ಬಿತ್ತು. ಹುಡುಗ ಒಳಬಾಗಿಲಲ್ಲಿ ತುಪ್ಪದ ಗಿಂಡಿ ಹಿಡಿದು ಕಲ್ಲಾಗಿ ನಿಂತ. ಬೀಗರಾಗಬೇಕಾದವರಿಗೆ ಏಕವಚನದಲ್ಲಿ ಬೈದಿದ್ದೆ. ಶಾಂತಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನನಗೆ ಬೆಟಗೇರಿಯಲ್ಲಿ ಫೋನು ಎದುರಿಗಿಟ್ಟುಕೊಂಡು ಕುಳಿತ ಸವಿತಾ ಕಣ್ಣ ಮುಂದೆ ಬಂದಳು. ಮುಗಿಯಿತು. ಎರಡನೇ ಸಲ ಅವಳ ತಟ್ಟೆ ನಾನೇ ಕಸಿದೆ.

ವೀರಪ್ಪನವರು ಪರಾತ ಕೆಳಗಿಟ್ಟರು. ನನ್ನ ಹತ್ತಿರ ಕುಕ್ಕರಗಾಲಲ್ಲಿ ಕುಳಿತು, ಆಸೆಯ ಕಣ್ಣಿನಿಂದ ನನ್ನ ಕಿವಿಯನ್ನೇ ನೋಡುತ್ತ ಮೆತ್ತಗೆ ಕೇಳಿದರು: "ನಿಮ್ಮವು ಬಿಟ್ಟುವೇನ್ರಿ ಸರ್ರ?"

"ಏನು?"

"ಕಿವಿ ರೀ. ನನ್ನವು ಸುಗ್ಗಿಯಾಗ ಕಟ್ಟಿದ್ದು ಬಿಟ್ಟಿದ್ದುವು, ಈಗ ಮತ್ತ ನೆಗಡಿ ಬಂದು ಕಟ್ಟ್ಯಾವ್ರಿ. ಭಾಳ ಕಾಮನ್ ಅಂತ ಹೇಳ್ಯಾರ ಡಾಕ್ಟರು. ಮೂಗಿಗೆ ಹೊಡಕೊಳ್ಳೋ ಔಷಧ ಕೊಟ್ಟಿದ್ರು. ಬುಧವಾರದಿಂದ ಅದು ಎಲ್ಲಿ ಹೋಗೇತೋ ಸಿಗವಲ್ದು."

ನಾನು ಶಾಂತಾಳನ್ನು ನೋಡಿದೆ. ಶಾಂತಾ ಸೆರಗು ಸರಿಸಿ ನೀಲವ್ವನವರನ್ನು ನೋಡಿದಳು. ನೀಲವ್ವನವರು ಬಿದ್ದ ಹೋಳಿಗೆ ಆರಿಸುವ ನೆವದಲ್ಲಿ ನೆಲ ನೋಡಿದರು. ಆಮೇಲೆ ತಲೆ ಎತ್ತಿ, ನಿಟ್ಟುಸಿರು ಬಿಟ್ಟು, "ಏನ್ ಮಾಡೂದ್ರಿ ಅಕ್ಕಾರ, ಇವರದು ಬಿಟ್ಟಿತಂದ್ರ ಹೊಳಿ ಆಚಿ ದಂಡಿಗೆ ಕೇಳತೈತಿ ಧ್ವನಿ. ಹೋದ ವರ್ಷ ಒಂದು ಸಂಬಂಧ ಇವರ ಬಾಯಿಂದನ ತಪ್ಪಿತ್ರಿ" ಎಂದರು. ಇಬ್ಬರೂ ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ಬಿದ್ದು ಬಿದ್ದು ನಕ್ಕರು. ಅವರಿಗೆ ನಗು. ನನಗೆ ಸಿಟ್ಟು. ನನ್ನ ರೋಗವಂತೂ ಊರವರೆಲ್ಲರದು ಎಂದು ಒಪ್ಪಿಕೊಂಡಾಗಿತ್ತು. ಈಗ ನೋಡಿದರೆ ನನ್ನ ಮನೆಯ ಮೋಸವೂ ಕಾಮನ್! ಒಂದಾದರೂ ನನಗೇ ಅಂತ ಇರಬಾರದೇ? ಅಷ್ಟರಲ್ಲಿ ಶಾಂತಾ ಮಗಳಿಗೆ ಫೋನು ಹಚ್ಚಿದ್ದಳು. ಆ ಕಡೆಯಿಂದ ಮೊದಲ ಪ್ರಶ್ನೆ, "ಅಪ್ಪನ ಕಿವಿ?" "ಕಿವಿ ತಕ್ಕೊಂಡುವು, ಸಂಬಂಧಾನೂ ಕೂಡಿತು" ಎಂದಳು ಶಾಂತಾ. ನನ್ನ ಕಿವಿ ಈಗ ಚುರುಕಾಗಿತ್ತಲ್ಲ, ಫೋನಿನಲ್ಲಿ ಮಗಳು ಮೂಗು ಸೇದಿದ್ದು ನನಗೆ ಇಲ್ಲಿಂದಲೇ ಕೇಳಿಸಿತು. ಆ ಹೊತ್ತಿಗೆ ನಾನು ಯಾರಿಗೂ ಏನೂ ಬೈಯಲಿಲ್ಲ.

ಮದುವೆ ಮುಂಡರಗಿಯಲ್ಲಿ ಆಯಿತು. ಅಷ್ಟರಲ್ಲಿ ವೀರಪ್ಪನವರ ಕಿವಿಯೂ ಬಿಟ್ಟಿತ್ತು. ನೀಲವ್ವನವರು ಹೇಳಿದ್ದು ಸುಳ್ಳಲ್ಲ ಎಂದು ಫೋನಿನಲ್ಲೇ ಗೊತ್ತಾಗಿತ್ತು. ನಾವಿಬ್ಬರೂ ಫೋನಿನಲ್ಲಿ ಮಾತನಾಡಿದರೆ ಫೋನು ಬೇಕಾಗುತ್ತಿರಲಿಲ್ಲ. ಮಂಟಪದಲ್ಲಿ ಅಕ್ಷತೆಯ ಅಕ್ಕಿಕಾಳು ಹಾಕುವ ಹೊತ್ತಿಗೆ ಶಾಂತಾ ನನ್ನ ಕೈಯಲ್ಲಿ ಎರಡು ಹತ್ತಿಯ ಉಂಡೆ ಇಟ್ಟು, "ಇವೊತ್ತೊಂದ ದಿನ" ಎಂದಳು. ಕುದಿಯುತ್ತ ಕಿವಿಗೆ ತುರುಕಿಕೊಂಡೆ. ಎದುರು ಸಾಲಿನಲ್ಲಿ ನೋಡಿದರೆ ದೊಡ್ಡ ಮೀಸೆಯ ಮೇಲೆ, ರುಮಾಲಿನ ಕೆಳಗೆ, ಎರಡೂ ಬದಿ ಬೆಳ್ಳಗೆ ಹತ್ತಿ ಇಣುಕುತ್ತಿತ್ತು. ವೀರಪ್ಪನವರು ನನ್ನನ್ನು ನೋಡಿ ಹಲ್ಲು ಕಡಿದರು. ಅವರಿಗೂ ಸಿಟ್ಟು ಬಂದಿತ್ತು, ಪಾಪ.

ಅಕ್ಕಿಕಾಳು ಬಿದ್ದವು. ನಾನು ಕುರ್ಚಿಯಲ್ಲಿ ಕುಳಿತು, ಹೆಂಗಸರ ಈ ದಬ್ಬಾಳಿಕೆಯ ಬಗ್ಗೆ ಪಕ್ಕದಲ್ಲಿದ್ದ ಇಮಾಮಸಾಬರಿಗೆ ನನ್ನ ಪೂರ್ತಿ ಕಂಠದಲ್ಲಿ ಹೇಳಿಕೊಂಡೆ. ಅವರು ಅಂಗೈಯನ್ನು ಕಿವಿಯ ಹಿಂದೆ ಹಿಡಿದು ನನ್ನತ್ತ ಬಾಗಿದರು. "ಏನಂದ್ರಿ ಸರ? ಸ್ವಲ್ಪ ಜೋರಾಗಿ ಹೇಳ್ರಿ." ನನಗೆ ಜೋರಾಗಿ ಹೇಳಿ ಎಂದವರು ಜೀವಮಾನದಲ್ಲಿ ಅವರೊಬ್ಬರೇ. ಹತ್ತಿ ಕಿತ್ತು ಬಿಸಾಕಿ ಯಾಕೆ ಎಂದು ಕೇಳಿದೆ. ಅವರ ಮುಖ ಬಾಡಿತ್ತು. "ನಿನ್ನಿ ಮುಂಜಾನಿಂದ ನನ್ನ ಎರಡೂ ಕಿವಿ ಕಟ್ಟ್ಯಾವ್ರಿ. ನನ್ನ ಧ್ವನಿ ನನಗ ತಲಿಯಾಗ ಗುಂಯ್ ಅಂತೈತಿ. ಏನರ ದೊಡ್ಡದಾಗೇತೇನೋ ಅಂತ ಅಂಜಿಕಿ ಬಂದೇತ್ರಿ ಸರ" ಎಂದರು.

ನಾನು ಕುಳಿತಲ್ಲಿಂದ ಏಳಲಿಲ್ಲ. ಬಾಯಲ್ಲಿದ್ದ ಎಲೆ ಅಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ಸರಿಸಿದೆ.

"ಹೌದ? ನನಗೂ ಆಗಿತ್ತರಿ" ಎಂದೆ. "ಭಾಳ ಕಾಮನ್. ಹೋಳಿಗಿ ನುಂಗ್ರಿ."